ಕಡಲು ಕೊನೆಗೆ ಬಂದ ಪುಸ್ತಕ

ತೋಮೆಯ ಮುಖಕ್ಕಿಂತ ಅವಳ ಬೆನ್ನು ನನಗೆ ಚೆನ್ನಾಗಿ ಗೊತ್ತು. ಹತ್ತೊಂಬತ್ತು ವರ್ಷ ಆ ಬೆನ್ನನ್ನು ನೋಡಿಕೊಂಡೇ ಮೇಜು ಸುತ್ತಿದವಳು ನಾನು. ಎಡ ಭುಜ ಬಲಕ್ಕಿಂತ ಒಂದು ಬೆರಳು ಕೆಳಗೆ, ಏಪ್ರನ್ನಿನ ಗಂಟು ಯಾವಾಗಲೂ ಒಂದಿಷ್ಟು ಪಕ್ಕಕ್ಕೆ, ಕತ್ತಿನ ಮೇಲೆ ಬಿಳಿ ಕೂದಲಿನ ಪುಟ್ಟ ಸುಳಿ. ಪೊಲೀಸರು ಕರೆದು ಗುರುತು ಹಿಡಿ ಅಂದಿದ್ದರೆ, ಮುಖ ಬೇಡ, ತಿರುಗಿಸಿ ನಿಲ್ಲಿಸಿ ಅನ್ನುತ್ತಿದ್ದೆ. ಅಂಥವಳಿಗೆ ನಾನು ಒಂದು ದ್ರೋಹ ಮಾಡಿದೆ. ಕದ್ದಿಲ್ಲ, ಚಾಡಿ ಹೇಳಿಲ್ಲ. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ, ಅಷ್ಟೇ. ಅಷ್ಟಕ್ಕೇ ಅವಳ ಇಪ್ಪತ್ತೇಳು ವರ್ಷದ ಹೆಸರು ಹೋಯಿತು, ಹೆಸರಿನ ಹಿಂದೆ ಜಾಗವೂ ಹೋಯಿತು. ಅದನ್ನು ಬರೆದಿಡೋಣವೆಂದು ಕೂತಿದ್ದೇನೆ. ಬೇರೆ ಯಾರೂ ಬರೆಯುವುದಿಲ್ಲ. ಪುಸ್ತಕ ಕಟ್ಟುವವರ ಬಗ್ಗೆ ಪುಸ್ತಕ ಬರೆದವರನ್ನು ನಾನಂತೂ ಕಂಡಿಲ್ಲ.

ನಮ್ಮದು ತೋಕಿಯೋದಲ್ಲಿ ಕಾಂದಾ ಹೊಳೆಗೆ ಹತ್ತಿರದ ಓಣಿಯೊಳಗಿದ್ದ ಉರಾಬೆಯವರ ಬೈಂಡಿಂಗ್ ಮನೆ. ಅಚ್ಚುಕೂಟದಿಂದ ಹಾಳೆಗಳು ಕೈಗಾಡಿಯಲ್ಲಿ ಬರುತ್ತಿದ್ದವು. ಅವನ್ನು ಹದಿನಾರು ಪುಟದ ಫಾರಂಗಳಾಗಿ ಮಡಿಸಿ, ಉದ್ದ ಮೇಜಿನ ಸುತ್ತ ರಾಶಿ ರಾಶಿಯಾಗಿ ಇಡುತ್ತಿದ್ದರು. ಒಂದನೆಯ ಫಾರಂ ಒಂದು ರಾಶಿ, ಎರಡನೆಯದು ಅದರ ಪಕ್ಕ, ಹೀಗೆ ಕೊನೆಯವರೆಗೆ. ನಾವು ನಾಲ್ವರು ಹೆಂಗಸರು ಒಬ್ಬರ ಹಿಂದೊಬ್ಬರು ಮೇಜು ಸುತ್ತುತ್ತಾ ಪ್ರತಿ ರಾಶಿಯಿಂದ ಒಂದೊಂದು ಎತ್ತಿಕೊಳ್ಳುತ್ತಿದ್ದೆವು. ಸುತ್ತು ಮುಗಿದಾಗ ಕೈಯಲ್ಲಿ ಒಂದು ಪುಸ್ತಕದಷ್ಟು ಆಗಿರುತ್ತಿತ್ತು. ಅದನ್ನು ಕುಟ್ಟಿ ಸಮ ಮಾಡಿ ಇಟ್ಟು ಮತ್ತೆ ಸುತ್ತು. ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಇದೇ. ನಡೆದದ್ದನ್ನೆಲ್ಲ ನೇರ ಮಾಡಿದರೆ ಏಡಿಗೆ ಹೆಸರಾದ ಉತ್ತರದ ಹೊಕ್ಕೈಡೋಗೆ ಹೋಗಿ ಬಂದಷ್ಟಾಗುತ್ತದೆ ಎಂದು ತೋಮೆ ಒಂದು ಸಲ ಹೇಳಿದ್ದಳು. "ಅಷ್ಟು ದೂರ ಹೋಗೀನೂ ಒಂದು ಏಡಿ ತಿನ್ಲಿಲ್ಲ ನೋಡು ನಾವು."

ಮೇಜಿಗೆ ಅದರದೇ ಕಟ್ಟಳೆಗಳಿದ್ದವು. ನಡೆಯುವಾಗ ಮಾತಿಲ್ಲ, ಮಾತಾಡಿದರೆ ಕೈ ಎರಡು ಫಾರಂ ಎತ್ತಿಬಿಡುತ್ತದೆ. ಮುಂದೆ ನಡೆಯುವವಳದ್ದೇ ಹೊಣೆ, ಹಿಂದಿನವರು ಅವಳನ್ನು ಅನುಸರಿಸಬೇಕು. ಜೋಡಿಸಿದ ಮೊದಲ ಕಟ್ಟನ್ನು ಯಜಮಾನರು ತಿರುವಿ ನೋಡಿ, ಸರಿಯಿದೆ ಎಂದು ಕೆಂಪು ಮುದ್ರೆ ಒತ್ತಬೇಕು. ತೋಮೆ ಯುದ್ಧ ಮುಗಿದ ಮರುವರ್ಷದಿಂದ ಮುಂದೆ ನಡೆದವಳು. ಅವಳ ಕೈಯಲ್ಲಿ ಒಂದು ಫಾರಂ ಹಿಂದುಮುಂದಾದದ್ದನ್ನು ಯಾರೂ ನೋಡಿರಲಿಲ್ಲ.

ಅವಳು ನೀಗಾತಾದ ಕಡೆಯವಳು, ರೈತನ ಏಳನೆಯ ಮಗಳು. ತೋಮೆ ಅಂದರೆ ಇನ್ನು ಸಾಕು ಎಂದು. ಅಪ್ಪ ದೇವರಿಗೆ ಕೇಳಿಸಲಿ ಎಂದೇ ಆ ಹೆಸರಿಟ್ಟನಂತೆ. ಹದಿನಾಲ್ಕಕ್ಕೆ ಈ ಊರಿಗೆ ಬಂದು ಕೈಹೊಲಿಗೆ ಕಲಿತಳು. ಅಚ್ಚುಕೂಟದವನೊಬ್ಬನನ್ನು ಮದುವೆಯಾದಳು. ಅವನು ಯುದ್ಧಕ್ಕೆ ಹೋದ, ಬದುಕಿ ಬಂದ, ಆದರೆ ಮನೆಗೆ ಬರಲಿಲ್ಲ. ಇವಳು ಹುಡುಕಿಕೊಂಡು ಓಸಾಕಾಗೆ ಹೋಗಿ, ಅವನ ಹೊಸ ಹೆಂಡತಿ ಕೊಟ್ಟ ಚಹಾ ಕುಡಿದು ವಾಪಸ್ಸು ಬಂದಳು. ಏನಾಯಿತು ಎಂದು ಕೇಳಿದರೆ "ಚಹಾ ಚೆನ್ನಾಗಿತ್ತು" ಅನ್ನುತ್ತಿದ್ದಳು. ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ, ನಡುವೆ ಒಂದು ಉಪ್ಪಿನ ಪ್ಲಮ್. ತಿಂದು ಗೋಡೆಗೆ ಒರಗಿ ಹತ್ತು ನಿಮಿಷ ಕಣ್ಣು ಮುಚ್ಚುವಳು. ಸುಸ್ತು ಎಂಬುದು ಅವಳ ಮೈಯಲ್ಲೇ ಬಿಡಾರ ಹೂಡಿದಂತಿತ್ತು. ಹಾಗೆಂದು ಗೊಣಗಿದವಳಲ್ಲ.

ಒಂದು ಹಠ ಮಾತ್ರ ಇತ್ತು. ಕಟ್ಟುವ ಪುಸ್ತಕದೊಳಗೆ ಏನಿದೆ ಎಂದು ಅವಳು ನೋಡುತ್ತಿರಲಿಲ್ಲ. "ಹೂವು ಕಟ್ಟೋಳು ಮುಡ್ಕೋಬಾರ್ದು," ಅನ್ನುತ್ತಿದ್ದಳು. ಅವಳಿಗೆ ಬೇಕಾದದ್ದು ಫಾರಂನ ಬೆನ್ನಿನ ಮೇಲಿನ ಕಪ್ಪು ಗುರುತು. ಪ್ರತಿ ಫಾರಂಗೆ ಅದು ಸ್ವಲ್ಪ ಸ್ವಲ್ಪ ಕೆಳಗಿಳಿದಿರುತ್ತದೆ, ಎಲ್ಲವನ್ನೂ ಸೇರಿಸಿದಾಗ ಬೆನ್ನಿನ ಮೇಲೆ ಮೆಟ್ಟಿಲಿನ ಸಾಲು ಕಾಣುತ್ತದೆ. ಒಂದು ಮೆಟ್ಟಿಲು ತಪ್ಪಿದರೆ ಕುರುಡನಿಗೂ ಗೊತ್ತಾಗುತ್ತದೆ.

ನನ್ನ ಚಾಳಿ ಅದಕ್ಕೆ ತದ್ವಿರುದ್ಧ. ನಾನು ಕದ್ದು ನೋಡುವವಳು. ಆ ವರ್ಷಗಳಲ್ಲಿ ನಮ್ಮ ಓಣಿಗೆ ಛಾಯಾಚಿತ್ರದ ಪುಸ್ತಕಗಳು ಬಹಳ ಬರುತ್ತಿದ್ದವು. ತಲೆ ಬಾಚದ ಗಂಡಸರು ಬೀದಿಬೀದಿ ಅಲೆದು ತೆಗೆದ ಚಿತ್ರಗಳು, ಎಷ್ಟೋ ಸಲ ಮಸುಕು, ಕೆಲವೊಮ್ಮೆ ವಾಲಿದ್ದು, ಕಣ್ಣಿಗೆ ಧೂಳು ಬಿದ್ದಾಗ ಕಂಡ ಹಾಗೆ. ದೊಡ್ಡ ಕಂಪನಿಗಳು ಅವನ್ನು ಮುಟ್ಟುತ್ತಿರಲಿಲ್ಲ. ಐನೂರೋ ಸಾವಿರವೋ ಪ್ರತಿ, ಯಂತ್ರಕ್ಕೆ ಹಾಕಲು ಸಾಲದು, ಆದ್ದರಿಂದ ನಮ್ಮ ಕಾಲಿಗೆ ಬರುತ್ತಿದ್ದವು. ಹಾಳಾದ ಪ್ರತಿಗಳನ್ನು ನಾನು ಮನೆಗೊಯ್ದು ಇಟ್ಟುಕೊಂಡಿದ್ದೇನೆ, ಹನ್ನೊಂದಿವೆ. ಒಂದರಲ್ಲಿ ರೈಲು ಗೇಟು ತೆರೆಯಲಿ ಎಂದು ಕಾದು ನಿಂತವರು ಬಿಟ್ಟರೆ ಬೇರೇನಿಲ್ಲ, ನೂರಿಪ್ಪತ್ತು ಪುಟವೂ ಅದೇ. ಇನ್ನೊಂದು ಒಬ್ಬ ಕ್ಷೌರಿಕನ ಅಂಗಡಿಯ ಕನ್ನಡಿಯದು. ಮತ್ತೊಂದು ಕಲ್ಲಿದ್ದಲು ಗಣಿ ಮುಚ್ಚಿದ ಊರಿನ ಹೆಂಗಸರದು. ಅದನ್ನು ನೋಡಿದಾಗಲೆಲ್ಲ ನನಗೆ ನನ್ನ ತಂಗಿಯ ಮೇಲೆ ಸಿಟ್ಟು ಬರುತ್ತದೆ, ಯಾಕೆಂದು ಇಂದಿಗೂ ತಿಳಿದಿಲ್ಲ. ನನಗೆ ಇವುಗಳೆಂದರೆ ಪ್ರಾಣ. ದಿನವೆಲ್ಲ ಒಂದೇ ಮೇಜು ಸುತ್ತುವವಳಿಗೆ ಬೇರೆಯವರ ಬೀದಿಯಲ್ಲಿ ನಡೆದಾಡಲು ಸಿಗುವುದು ಕಮ್ಮಿ ಭಾಗ್ಯವೇ?

ಶೋವಾ ನಲವತ್ತೆಂಟನೆಯ ವರ್ಷದ, ಅಂದರೆ ಸಾವಿರದ ಒಂಬೈನೂರ ಎಪ್ಪತ್ತಮೂರರ, ನವೆಂಬರ್‌ನಲ್ಲಿ ಕುಸಾಜಿಮಾ ಮೇಷ್ಟ್ರ ಪುಸ್ತಕ ಬಂತು. ಅವರು ಯಾರಿಗೂ ಪಾಠ ಹೇಳಿದವರಲ್ಲ. ಪುಸ್ತಕ ಮಾಡಿಸಲು ಬಂದವರೆಲ್ಲ ನಮ್ಮ ಓಣಿಗೆ ಮೇಷ್ಟ್ರೇ. ಕೊಲ್ಲಿಯ ದಂಡೆಯ ಒಂದು ಬೆಸ್ತರ ಕೇರಿಯಲ್ಲಿ ಹನ್ನೊಂದು ವರ್ಷ ಓಡಾಡಿ ಚಿತ್ರ ತೆಗೆದಿದ್ದರು. ಆ ಕೇರಿಯ ಕಡಲಿಗೆ ಮಣ್ಣು ತುಂಬಿ ಕಾರ್ಖಾನೆ ಕಟ್ಟಿದರು, ಜನರನ್ನು ಸಿಮೆಂಟಿನ ಮಹಡಿ ಮನೆಗಳಿಗೆ ಸಾಗಿಸಿದರು. ಪುಸ್ತಕದ ತುಂಬ ಕಾಣುವವಳು ಕುರಾ ಎಂಬ ಅಜ್ಜಿ, ಚಿಪ್ಪಿನಿಂದ ಮಾಂಸ ಬಿಡಿಸಿ ಮಾರುತ್ತಿದ್ದವಳು. ಮೊದಲ ಫಾರಂನಲ್ಲಿ ಬರೀ ಕಡಲು. ಆಮೇಲೆ ಕುರಾ ಅಜ್ಜಿ, ಅವಳ ಬುಟ್ಟಿ, ಅವಳ ಜಗಳ, ಅವಳ ನಗು. ಕಡಲು ಹಿಂದೆ ಹೋಗುತ್ತಾ ಹೋಗಿ, ಹನ್ನೆರಡನೆಯ ಫಾರಂನಲ್ಲಿ ಅವಳ ಶವಪೆಟ್ಟಿಗೆ ಮತ್ತು ಮಣ್ಣು ತುಂಬಿದ ಬಯಲು.

ಅಜ್ಜಿ ಆಗಸ್ಟ್‌ನಲ್ಲಿ ತೀರಿಕೊಂಡಿದ್ದಳು. ನವೆಂಬರ್‌ನ ಮೂರನೆಯ ಭಾನುವಾರ ನೂರನೆಯ ದಿನ. ನೂರನೆಯ ದಿನ ನಮ್ಮಲ್ಲಿ ಅಳು ನಿಲ್ಲಿಸುವ ದಿನ. ಅಂದು ಪೂಜೆ ಮುಗಿಸಿ ಮನೆಯವರು ಕಣ್ಣೊರೆಸಿಕೊಂಡು ಕೆಲಸಕ್ಕೆ ತೊಡಗಬೇಕು. ಅವಳ ಗಂಡ ತೋರಾಕಿಚಿ, ಎಂಬತ್ತು ದಾಟಿದವನು, ಆ ದಿನ ಪುಸ್ತಕವನ್ನು ಹೆಂಡತಿಯ ಪಟದ ಮುಂದೆ ಇಡಬೇಕೆಂದು ಕಾಯುತ್ತಿದ್ದ. ಮೇಷ್ಟ್ರು ಅವನಿಗೆ ಮಾತು ಕೊಟ್ಟಿದ್ದರು.

"ಪುಟಸಂಖ್ಯೆ ಬೇಡ," ಅಂದರು ಮೇಷ್ಟ್ರು, ಯಜಮಾನರ ಎದುರು ಕೂತು. "ಅಕ್ಷರ ಒಂದೂ ಬೇಡ. ಬೆನ್ನಿನ ಮೇಲೆ ಆ ಕಪ್ಪು ಗುರುತೂ ಬೇಡ. ನನ್ನ ಚಿತ್ರ ಎರಡು ಪುಟಕ್ಕೂ ಹರಡಿರ್ತವೆ, ಮಧ್ಯದಲ್ಲಿ ಕಪ್ಪು ಇಣುಕಿದ್ರೆ ಕಣ್ಣಿಗೆ ಚುಚ್ಚುತ್ತೆ."

"ಆಗ್ಲಿ ಮೇಷ್ಟ್ರೇ, ಆಗ್ಲಿ," ಅಂದರು ಉರಾಬೆ. ಅವರ ಬಾಯಲ್ಲಿ ಇಲ್ಲ ಎಂಬ ಪದ ಹುಟ್ಟಿಯೇ ಇರಲಿಲ್ಲ, ನಮ್ಮನ್ನು ಬಿಟ್ಟು ಬೇರೆಯವರ ಹತ್ತಿರ.

ತೋಮೆ ಒಳಗಿನಿಂದಲೇ ಕೇಳಿದಳು. "ಗುರುತಿಲ್ದೇ ನಾನು ಏನು ನೋಡಿ ಜೋಡಿಸ್ಲಿ ಯಜಮಾನ್ರೇ? ಮೂತಿ ನೋಡಿ?"

"ರಾಶಿ ಇಡೋವ್ರು ಸರಿಯಾಗಿ ಇಡ್ತಾರೆ. ನೀನು ಸುತ್ತು, ಸಾಕು. ಪಟ್ಟಿ ಬರೆದು ಗೋಡೆಗೆ ಅಂಟಿಸ್ತೀನಿ." ಹಾಗೆಯೇ ಅಂಟಿಸಿದರು. ಒಂದು: ಕಡಲು. ಎರಡು: ಬುಟ್ಟಿ. ಹೀಗೆ ಹನ್ನೆರಡು ಸಾಲು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಬರಹ ಮೇಲಿನಿಂದ ಕೆಳಕ್ಕೆ, ಬಲದಿಂದ ಎಡಕ್ಕೆ. ನಮ್ಮ ಪುಸ್ತಕ ತೆರೆಯುವುದೂ ಬಲಗಡೆಯಿಂದ. ಅಂಥ ಪುಸ್ತಕಕ್ಕೆ ಮೇಜನ್ನು ಒಂದು ದಿಕ್ಕಿಗೆ ಸುತ್ತುತ್ತೇವೆ. ಗಣಿತದ್ದೋ ಇಂಗ್ಲಿಷ್ ಪಾಠದ್ದೋ ಬಂದರೆ ಅದು ಎಡದಿಂದ ತೆರೆಯುತ್ತದೆ, ಆಗ ರಾಶಿಗಳನ್ನೂ ಎದುರು ಸಾಲಿನಲ್ಲಿ ಇಡುತ್ತಾರೆ, ನಾವೂ ಎದುರು ದಿಕ್ಕಿಗೆ ಸುತ್ತಬೇಕು. ವರ್ಷಕ್ಕೆ ಒಂದೋ ಎರಡೋ ಸಲ ಬರುತ್ತಿತ್ತು ಆ ಕೆಲಸ. ಮರೆತು ಮಾಮೂಲಿ ದಿಕ್ಕಿಗೆ ಹೊರಟರೂ ಮೊದಲ ಸುತ್ತಿನಲ್ಲೇ ಮೆಟ್ಟಿಲು ತಲೆಕೆಳಗಾಗಿ ಕಾಣುತ್ತಿತ್ತು, ನಕ್ಕು ತಿರುಗಿಕೊಳ್ಳುತ್ತಿದ್ದೆವು. ಕುಸಾಜಿಮಾ ಮೇಷ್ಟ್ರ ಪುಸ್ತಕ ಎಡದಿಂದ ತೆರೆಯುವಂಥದ್ದು. ಮೆಟ್ಟಿಲು ಇರಲಿಲ್ಲ.

ಸೋಮವಾರ ಬೆಳಗ್ಗೆ ಕೆಲಸ ಶುರು ಮಾಡುವ ಮುಂಚೆ ನಾನು ಒಂದು ಫಾರಂ ಎತ್ತಿ ಕುರಾ ಅಜ್ಜಿಯನ್ನು ನೋಡುತ್ತಾ ನಿಂತಿದ್ದೆ. ತೋಮೆ ಹಿಂದಿನಿಂದ ಬಂದು ಅದನ್ನು ಕೈಯಿಂದ ಕಿತ್ತುಕೊಂಡಳು.

"ಮಿತ್ಸು, ಕಣ್ಣು ಚಿತ್ರದ ಮೇಲಿದ್ರೆ ಕೈ ಎಲ್ಲಿರುತ್ತೆ? ಸಿನಿಮಾ ನೋಡೋಕೆ ಬಂದ್ಯಾ, ಕೆಲಸಕ್ಕೆ ಬಂದ್ಯಾ?"

ಉಳಿದ ಇಬ್ಬರು ಕಿಸಕ್ಕನೆ ನಕ್ಕರು. ನನಗೆ ನಲವತ್ತಾರು ವರ್ಷ, ಬೈಸಿಕೊಳ್ಳುವ ವಯಸ್ಸೇ? ಮುಖ ಉರಿಯಿತು. ಅವಳ ಹಿಂದೆ ಸಾಲಿನಲ್ಲಿ ನಿಂತೆ. ತೋಮೆ ಹೊರಟಳು, ಮಾಮೂಲಿ ದಿಕ್ಕಿಗೆ.

ಮೊದಲ ಕಟ್ಟನ್ನು ಯಜಮಾನರಿಗೆ ಕೊಟ್ಟೆವು. ಅವರು ಒಂದು ಕಿವಿಯಲ್ಲಿ ಟೆಲಿಫೋನ್ ಹಿಡಿದುಕೊಂಡೇ ಕಟ್ಟನ್ನು ಮುಂದೆಳೆದುಕೊಂಡು, ಜೀವಮಾನವೆಲ್ಲ ಪುಸ್ತಕ ತೆರೆದ ಹಾಗೆ ಬಲಗಡೆಯಿಂದ ತೆರೆದರು. ಕಡಲು ಕಂಡಿತು. ಮುದ್ರೆ ಒತ್ತಿದರು.

ಮೂರನೆಯ ಸುತ್ತಿನಲ್ಲಿ ನನಗೆ ಅನುಮಾನ ಬಂತು. ಮೊದಲು ಎತ್ತಿಕೊಳ್ಳುತ್ತಿದ್ದದ್ದು ಪೆಟ್ಟಿಗೆಯ ಚಿತ್ರ, ಅರ್ಧ ಮೇಜು ದಾಟಿದ ಮೇಲೆ ಅದೇ ಅಜ್ಜಿ ಚಿಪ್ಪು ಬಿಡಿಸುತ್ತಾ ನಗುತ್ತಿದ್ದಳು. ಈ ಮೇಷ್ಟ್ರ ಕಲೆಯೇ ಹೀಗೆ ಇರಬೇಕು ಅಂದುಕೊಂಡೆ. ಆರನೆಯ ಸುತ್ತಿಗೆ ಗೋಡೆಯ ಪಟ್ಟಿಯ ಕಡೆ ಕಣ್ಣು ಹೋಯಿತು. ಒಂದು: ಕಡಲು. ಕಡಲನ್ನು ನಾವು ಎತ್ತಿಕೊಳ್ಳುತ್ತಿದ್ದದ್ದು ಎಲ್ಲಕ್ಕಿಂತ ಕೊನೆಗೆ.

ಆಗ ಬಾಯಿ ಬಿಡಬಹುದಿತ್ತು. ಇಪ್ಪತ್ತನಾಲ್ಕು ಕಟ್ಟು ಬಿಚ್ಚಿದರೆ ಮುಗಿಯುತ್ತಿತ್ತು, ಅರ್ಧ ಗಂಟೆಯ ಕೆಲಸ. ನಾನು ಬಿಡಲಿಲ್ಲ. ನಡೆಯುವಾಗ ಮಾತಾಡಬಾರದು ಎಂಬ ಕಟ್ಟಳೆಯನ್ನು ಅಡ್ಡ ಹಿಡಿದುಕೊಂಡೆ. ತೋಮೆ ತಪ್ಪುವವಳಲ್ಲ, ನನಗೇ ತಿಳಿಯದ್ದೇನೋ ಇರಬೇಕು ಎಂದೂ ಹೇಳಿಕೊಂಡೆ. ಇವೆಲ್ಲ ಸುಳ್ಳು. ನಿಜ ಏನೆಂದರೆ ನೋಡಬೇಡ ಅಂದಳಲ್ಲ, ನಾನು ನೋಡಲಿಲ್ಲ, ಅನುಭವಿಸಲಿ ಎಂಬ ಹೊಟ್ಟೆಯುರಿ. ಅದರ ಜೊತೆಗೆ ದಣಿವು. ನಿಲ್ಲಿಸಿ, ಬಿಚ್ಚಿ, ವಾದಿಸಿ, ಮತ್ತೆ ಮೊದಲಿನಿಂದ ಶುರು ಮಾಡುವಷ್ಟು ತ್ರಾಣ ಕಾಲಿನಲ್ಲಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಹೇಳೋಣ ಅಂದುಕೊಂಡೆ. ಆಗ ಇನ್ನೂರು ದಾಟಿತ್ತು. ಸಂಜೆಗೆ ಐನೂರು. ಮಂಗಳವಾರ ಸಂಜೆ ಸಾವಿರವೂ ಮುಗಿಯಿತು. ಬುಧವಾರ ಹಿಂದಿನ ಕೋಣೆಯ ಗಂಡಸರು ಯಂತ್ರದಲ್ಲಿ ಹೊಲಿದು ಬೆನ್ನಿಗೆ ಅಂಟು ಬಳಿದರು.

ಗುರುವಾರ ಮೇಷ್ಟ್ರು ಬಂದರು. ಯಜಮಾನರು ಚಹಾ ತರಿಸಿ, ಮೊದಲ ಪ್ರತಿಯನ್ನು ಎರಡೂ ಕೈಯಲ್ಲಿ ಕೊಟ್ಟರು. ಮೇಷ್ಟ್ರು ಎಡಗಡೆಯಿಂದ ತೆರೆದು, ನಾಲ್ಕೈದು ಪುಟ ತಿರುವಿ, ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡರು.

"ಇದೇನು ಯಜಮಾನ್ರೇ," ಅಂದರು, "ಕುರಾ ಅಜ್ಜಿ ಮೊದಲನೇ ಪುಟದಲ್ಲೇ ಪೆಟ್ಟಿಗೆ ಒಳಗೆ ಮಲಗಿದಾಳೆ?"

ಉರಾಬೆ ಇಣುಕಿ ನೋಡಿದರು. "ನೀವೇ ಹಾಗೆ ಮಾಡ್ಸಿದೀರಿ ಅಂದ್ಕೊಂಡೆ ಮೇಷ್ಟ್ರೇ. ಈಗಿನ ಕಾಲದ ಹೊಸ ತರಹ... ಚಿತ್ರದ ಪುಸ್ತಕ ಅಲ್ವೇ, ಹೆಂಗಿದ್ರೂ ನಡೆಯುತ್ತೆ, ಯಾರಿಗೆ ಗೊತ್ತಾಗುತ್ತೆ?"

"ತೋರಾಕಿಚಿ ತಾತನಿಗೆ ಗೊತ್ತಾಗುತ್ತೆ!" ಮೇಷ್ಟ್ರ ಧ್ವನಿ ಒಡೆಯಿತು. "ಭಾನುವಾರ ಅಳು ನಿಲ್ಸೋ ದಿನ. ಅವತ್ತು ಮುದುಕ ಪುಸ್ತಕ ತೆಗೆದ್ರೆ ಹೆಂಡ್ತಿ ಹೆಣ ಕಾಣ್ಬೇಕಾ? ಹನ್ನೊಂದು ವರ್ಷ ಅವರ ಮನೆ ಅನ್ನ ತಿಂದಿದೀನಿ ನಾನು."

ತೋಮೆ ಬಂದು ನೆಲಕ್ಕೆ ಮಂಡಿಯೂರಿ ತಲೆ ತಗ್ಗಿಸಿದಳು. "ಮುಂದೆ ನಡೆದೋಳು ನಾನು. ದಿಕ್ಕು ತಪ್ಪಿದ್ದು ನಾನು. ಬೇರೆಯವರದ್ದೇನೂ ಇಲ್ಲ."

ಯಜಮಾನರ ಮುದ್ರೆ ಬಿದ್ದಿದ್ದ ಮೊದಲ ಕಟ್ಟು ಅಲ್ಲೇ ಕಪಾಟಿನಲ್ಲಿತ್ತು. ಯಾರೂ ಆ ಕಡೆ ನೋಡಲಿಲ್ಲ, ಯಜಮಾನರಂತೂ ಕತ್ತು ತಿರುಗಿಸಲೂ ಇಲ್ಲ. ನಾನು ತೋಮೆಯಿಂದ ಎರಡು ಅಡಿ ದೂರದಲ್ಲಿ ನಿಂತಿದ್ದೆ. ಮೊದಲ ದಿನ ಸುಮ್ಮನಿದ್ದದ್ದು ಸಿಟ್ಟಿಗೆ, ಅವತ್ತು ಸುಮ್ಮನಿದ್ದದ್ದು ಬರೀ ಹೆದರಿಕೆಗೆ.

ಸಾವಿರವನ್ನೂ ಬಿಚ್ಚಿ ಮತ್ತೆ ಹೊಲಿಯುವುದು ಆಗದ ಮಾತು. ಅಂಟು ಕಿತ್ತರೆ ಮಡಿಕೆ ಹರಿಯುತ್ತದೆ, ಮುನ್ನೂರು ಉಳಿದರೆ ಹೆಚ್ಚು. "ಒಂದು ಪ್ರತಿ ನಾನು ಕೈಯಲ್ಲಿ ಮಾಡಿ ಕೊಡ್ತೀನಿ," ಅಂದಳು ತೋಮೆ. "ಭಾನುವಾರಕ್ಕೆ ತಾತನಿಗೆ ಒಂದು ಸಾಕಲ್ಲ ಮೇಷ್ಟ್ರೇ. ಉಳಿದದ್ದು ಆಮೇಲೆ ಬೈರಿ."

ಶುಕ್ರವಾರ ಇಡೀ ದಿನ ಅವಳು ಒಂದು ಪುಸ್ತಕದ ಬೆನ್ನಿಗೆ ಬಿಸಿನೀರಿನ ಬಟ್ಟೆ ಇಟ್ಟು ಅಂಟು ನೆನೆಸಿ, ಬೆರಳ ತುದಿಯಲ್ಲಿ ಸವರಿ ಸವರಿ ತೆಗೆದಳು. ಶನಿವಾರ ಮಧ್ಯಾಹ್ನ ಕಿಟಕಿಯ ಬಳಿ ಕೂತು ಸೂಜಿ ಹಿಡಿದಳು. ನನ್ನನ್ನು ಎದುರಿಗೆ ಕೂರಿಸಿಕೊಂಡಳು. ಗೋಡೆಯ ಪಟ್ಟಿ ನನ್ನ ಬೆನ್ನ ಹಿಂದೆ ದೂರದಲ್ಲಿತ್ತು.

"ಕಡಲು ಆಯ್ತು. ಮುಂದೆ ಯಾವುದು?"

"ಬುಟ್ಟಿ ಹೊತ್ಕೊಂಡು ಕೆಸರಲ್ಲಿ ಬರೋದು. ಆಮೇಲೆ ಪಕ್ಕದ ಮನೆಯವಳ ಜೊತೆ ಜಗಳ. ಅದರ ಮುಂದಿಂದು ಮಳೇಲಿ ಕೊಡೆ ಉಲ್ಟಾ ಆಗಿರೋದು."

ಅವಳು ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದಳು. ನಲವತ್ತು ವರ್ಷಕ್ಕೂ ಮೇಲೆ ಪುಸ್ತಕ ಕಟ್ಟಿದವಳು ಮೊದಲ ಸಲ ಒಂದರೊಳಗೆ ನೋಡುತ್ತಿದ್ದಳು. ಕೆಸರಿನ ಚಿತ್ರದ ಮೇಲೆ ಬಹಳ ಹೊತ್ತು ಕಣ್ಣಿಟ್ಟಿದ್ದಳು. "ಇವಳ ಎಡಗಡೆ ನೋಡು, ಕುಸಿದಿದೆ," ಅಂದಳು. "ಒಂದೇ ಕಡೆ ಹೊತ್ತು ಹೊತ್ತು. ಯಾರೂ ಹೇಳ್ಲಿಲ್ಲ ಅಂತ ಕಾಣುತ್ತೆ, ಪಕ್ಕ ಬದಲಾಯಿಸ್ಕೋ ಅಂತ." ಮತ್ತೆ ಸೂಜಿಗೆ ದಾರ ಪೋಣಿಸಲು ಹೋದಳು, ದಾರ ಎರಡು ಸಲ ತೂತು ತಪ್ಪಿತು. ನಾನು ಪೋಣಿಸಿ ಕೊಟ್ಟೆ. "ಇಂಥದ್ದೆಲ್ಲ ಕೈಮೇಲೆ ಹಾದು ಹೋಗ್ತಿತ್ತಾ ಮಿತ್ಸು? ಇಷ್ಟು ವರ್ಷ?"

"ಹೂಂ ಅಕ್ಕ."

"ಇದಾದ ಮೇಲೆ?"

"ಮದುವೆ ಮನೆ. ಅಜ್ಜಿ ಅಕ್ಕಿ ಹೆಂಡ ಕುಡಿದು ಕುಣಿಯೋದು."

ಹನ್ನೆರಡೂ ಫಾರಂಗಳನ್ನು ನಾನು ತಡವರಿಸದೆ ಹೇಳಿದೆ. ಅವಳು ತಲೆಯೆತ್ತಿ ನನ್ನನ್ನೊಮ್ಮೆ ನೋಡಿ, ಮತ್ತೆ ಹೊಲಿಗೆಗೆ ಬಗ್ಗಿದಳು. ಸಂಜೆ ನಾಲ್ಕಕ್ಕೆ ರಟ್ಟು ಹಾಕಿ, ಭಾರದ ಹಲಗೆಯ ಕೆಳಗಿಟ್ಟಳು.

ಸೋಮವಾರ ಮೇಷ್ಟ್ರು ಬರುತ್ತಾರೆಂದು ಬೆಳಗಿನಿಂದ ಎಲ್ಲರ ಕಿವಿ ಬಾಗಿಲ ಕಡೆಗೇ. ಬಂದರು. ಬಾಗಿಲ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತಾ ನಗತೊಡಗಿದರು. ಆ ನಗು ನೋಡಿ ನನಗೆ ಭಯವೇ ಆಯಿತು.

"ಪಟದ ಮುಂದೆ ಇಟ್ಟು, ಊದುಬತ್ತಿ ಹಚ್ಚಿ, ತಾತ ಪುಸ್ತಕ ತೆಗೆದ," ಅಂದರು. "ಬಲಗಡೆಯಿಂದ ತೆಗೆದ."

ಯಜಮಾನರ ಬಾಯಿ ತೆರೆದುಕೊಂಡಿತು.

"ಅವನು ಜನ್ಮದಲ್ಲಿ ಹಿಡಿದ ಪುಸ್ತಕ ಅಂದ್ರೆ ದೇವಸ್ಥಾನದ ಬುದ್ಧನ ಸೂತ್ರದ ಪುಸ್ತಕ ಒಂದೇ. ಬಲಗಡೆಯಿಂದ ತೆಗೆಯೋದಲ್ದೇ ಇನ್ನೆಲ್ಲಿಂದ ತೆಗೀತಾನೆ? ಮಣ್ಣಿನ ಬಯಲು ನೋಡ್ದ. ಪೆಟ್ಟಿಗೆ ನೋಡ್ದ. ನಾನು ತಿರುಗ್ಸೋಣ ಅಂತ ಕೈ ಚಾಚಿದೆ, ಅವನು ತಡೆದ. ಒಂದೊಂದೇ ಪುಟ ತಿರುವ್ತಾ ಹೋದ. ಅಜ್ಜಿ ಹಾಸಿಗೆಯಿಂದ ಎದ್ಳು, ಕುಣಿದ್ಳು, ಜಗಳ ಆಡಿದ್ಳು. ಕೊನೇಲಿ ಕಡಲು ಬಂತು. ತಾತ ಪುಸ್ತಕ ಮುಚ್ಚಿ ಏನಂದ ಗೊತ್ತಾ? 'ಒಳ್ಳೇದು ಮಾಡ್ದೆ ಮೇಷ್ಟ್ರೇ. ಚಿಪ್ಪು ಆರಿಸೋಕೆ ಹೋಗಿದಾಳೆ ಹಾಗಾದ್ರೆ' ಅಂದ."

ಯಜಮಾನರು ತೊಡೆ ತಟ್ಟಿ ನಕ್ಕರು, ಹಿಂದಿನ ಕೋಣೆಯ ಗಂಡಸರೂ ಬಂದು ನಕ್ಕರು. ಉಳಿದ ಪ್ರತಿಗಳನ್ನು ಇದ್ದ ಹಾಗೇ ಬಿಡೋಣ ಎಂದರು ಮೇಷ್ಟ್ರು. ಜಗಳವಾಡುವ ಶಕ್ತಿ ಅವರಲ್ಲೂ ಉಳಿದಿರಲಿಲ್ಲ. ಹಾಗಾದರೆ ಎಲ್ಲ ಸರಿಹೋಯಿತಲ್ಲ ಎಂದು ನಾನು ಒಳಗೊಳಗೇ ಹಗುರಾಗುತ್ತಿದ್ದೆ. ಮೇಷ್ಟ್ರು ಹೋದ ಮೇಲೆ ಯಜಮಾನರು ತೋಮೆಯನ್ನು ಕರೆದರು, ನಮ್ಮೆಲ್ಲರ ಎದುರಿಗೇ.

"ದೇವರ ದಯೆ, ಈ ಸಲ ಬಚಾವಾದ್ವಿ. ಆದ್ರೂ ತೋಮೆ, ವಯಸ್ಸಾಯ್ತಲ್ಲ ನಿಂಗೆ. ದಿಕ್ಕು ತಪ್ಪೋಕೆ ಶುರುವಾದ ಮೇಲೆ ನಿಲ್ಲಲ್ಲ ಅದು. ಹೊಸ ವರ್ಷದಿಂದ ಮನೇಲಿ ಆರಾಮಾಗಿರು."

"ಸರಿ ಯಜಮಾನ್ರೇ," ಅಂದಳು ತೋಮೆ. ಹೋಗಿ ಮೇಜಿನ ತುದಿಯಲ್ಲಿ ನಿಂತು ಕೆಲಸ ಶುರು ಮಾಡಿದಳು.

ಆ ಸಂಜೆ ಕೆಲಸ ಬಿಟ್ಟ ಮೇಲೆ ಅವಳ ಜೊತೆ ಸಾರ್ವಜನಿಕ ಸ್ನಾನದ ಮನೆಗೆ ಹೋದೆ. ವಾರಕ್ಕೆ ಮೂರು ಸಲ ಹೋಗುತ್ತಿದ್ದೆವು, ಒಬ್ಬರ ಬೆನ್ನು ಒಬ್ಬರು ಉಜ್ಜುವುದು ವಾಡಿಕೆ. ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ. ಬೆನ್ನು ಉಜ್ಜುತ್ತಾ ಹೇಳಿದೆ.

"ಅಕ್ಕ, ನಾನು ನೋಡಿದ್ದೆ. ಉಲ್ಟಾ ಹೋಗ್ತಿದೀವಿ ಅಂತ ಆರನೇ ಸುತ್ತಿಗೇ ಗೊತ್ತಿತ್ತು. ಬೇಕಂತ್ಲೇ ಸುಮ್ನಿದ್ದೆ."

ಅವಳು ತಿರುಗಲಿಲ್ಲ. ತಂಬಿಗೆಯಲ್ಲಿ ನೀರು ತೆಗೆದು ಕಾಲ ಮೇಲೆ ಹುಯ್ದುಕೊಂಡಳು. "ಶನಿವಾರನೇ ಗೊತ್ತಾಯ್ತು. ಪಟ್ಟಿ ಕಡೆ ನೋಡ್ದೇನೇ ಎಲ್ಲಾ ಒಪ್ಪಿಸ್ದೆಯಲ್ಲ."

"ಬೈ ಅಕ್ಕ. ಹೊಡಿ ಬೇಕಾದ್ರೆ."

"ಬೈಯೋಕೂ ತಾಕತ್ತು ಬೇಕು ಕಣೇ."

"ನಾಳೆ ಯಜಮಾನ್ರಿಗೆ ಹೇಳ್ತೀನಿ. ಅವರ ಮುದ್ರೆನೂ ತೋರಿಸ್ತೀನಿ."

"ಹೇಳಿ ಏನು ಮಾಡ್ತೀಯ? ಇಬ್ರನ್ನೂ ಕಳಿಸ್ತಾರೆ. ಉಳಿದಿಬ್ರಿಗೆ ಮುಂದೆ ನಡೆಯೋಕೆ ಬರಲ್ಲ." ತಂಬಿಗೆ ಕೆಳಗಿಟ್ಟು ಅಂದಳು: "ಸುಮ್ನಿರೋದು ನಿಂಗೆ ಚೆನ್ನಾಗಿ ಬರುತ್ತಲ್ಲ. ಇದೊಂದು ಸಲ ಇನ್ನೂ ಸುಮ್ನಿರು."

ನನ್ನ ಕೈ ನಿಂತಿತು. ಚೂರಿ ಹಾಕಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅವಳು ಮುಂದುವರಿಸಿದಳು, ಬೇರೆ ಯಾರದ್ದೋ ವಿಷಯ ಹೇಳುವಂತೆ.

"ಅವತ್ತು ನಿನ್ನ ಹೆಜ್ಜೆ ಹಿಂದೆ ಬಿತ್ತು. ಕೇಳಿಸ್ತು ನಂಗೆ. ಹತ್ತೊಂಬತ್ತು ವರ್ಷದ ಹೆಜ್ಜೆ, ಗೊತ್ತಾಗಲ್ವಾ? ಮಿತ್ಸು ಮಂಡಿ ನೋಯ್ತಿದೆ ಅಂದ್ಕೊಂಡೆ. ಬೆಳಗ್ಗೆ ಬೇರೆ ಬೈದಿದ್ದೆ, ಹಾಗಾಗಿ ಬಾಯಿಬಿಟ್ಟು ಹೇಳ್ತಿಲ್ಲ ಅಂತ. ಅದಕ್ಕೇ ನಾನೂ ನಿಧಾನ ಮಾಡ್ದೆ. ಎರಡೂ ದಿನ ನಿಧಾನವಾಗೇ ನಡೆದೆ."

ಹೌದು, ಆ ಎರಡು ದಿನ ನನ್ನ ಕಾಲು ಅಷ್ಟಾಗಿ ನೋಯಲಿಲ್ಲ. ಯಾಕೆಂದು ಯೋಚಿಸಿರಲೂ ಇಲ್ಲ. ಸೋಪಿನ ಬಟ್ಟೆಯನ್ನು ಅವಳ ಭುಜದ ಮೇಲಿಟ್ಟುಕೊಂಡು ಅತ್ತೆ. ಪಕ್ಕದ ಹೆಂಗಸರು ನೋಡಿದರು, ನೋಡಲಿ. ತೋಮೆ ಕೈ ಹಿಂದೆ ಮಾಡಿ ಬಟ್ಟೆ ತೆಗೆದುಕೊಂಡು, "ತಿರುಗು, ನಿನ್ನ ಬೆನ್ನು ಕೊಡು," ಅಂದಳು.

ಹೊಸ ವರ್ಷಕ್ಕೆ ಅವಳು ನೀಗಾತಾದ ಅಣ್ಣನ ಮಗನ ಮನೆಗೆ ಹೋದಳು. ಹೋಗುವಾಗ ಒಂದೇ ಒಂದು ಪುಸ್ತಕ ಕೇಳಿ ತೆಗೆದುಕೊಂಡು ಹೋದಳು, ಕುರಾ ಅಜ್ಜಿಯದು. ವಸಂತದಲ್ಲಿ ಒಂದು ಮಾಸಪತ್ರಿಕೆಯಲ್ಲಿ ಯಾರೋ ಪಂಡಿತರು ಆ ಪುಸ್ತಕವನ್ನು ಹೊಗಳಿದರು, ಕಾಲವನ್ನು ಅಲೆ ಅಲೆಯಾಗಿ ಹಿಂದಕ್ಕೆ ನಡೆಸಿದ ಧೈರ್ಯ ಎಂದರು. ಯಜಮಾನರು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದರು, ಹಳೆಯ ಪಟ್ಟಿಯ ಜಾಗದಲ್ಲೇ. ನನಗೆ ಅದರ ಮೇಲೆ ಉಗುಳಬೇಕೆನಿಸಿತು. ನಾನು ತೋಮೆಗೆ ಕಾಗದ ಬರೆದು ಈ ಹೊಗಳಿಕೆಯ ವಿಷಯ ತಿಳಿಸಿದೆ. ಹಿಮ ಜಾಸ್ತಿ ಬಿದ್ದಿದೆ, ನೀನು ಉಣ್ಣೆಯ ಕಾಲುಚೀಲ ಹಾಕಿಕೋ ಎಂದು ಉತ್ತರ ಬಂತು. ಮೂರು ವರ್ಷದ ಹಿಂದೆ ತೀರಿಕೊಂಡಳು.

ಮೇಜಿನ ಮುಂದೆ ಈಗ ನಾನೇ ನಡೆಯುತ್ತೇನೆ. ನನ್ನ ಹಿಂದೆ ಮೂವರು ಹೆಂಗಸರು. ನಡೆಯುವಾಗ ಮಾತಾಡಬಾರದು ಎಂಬ ಕಟ್ಟಳೆಯನ್ನು ತೆಗೆದುಹಾಕಿದೆ, ಆದರೂ ಅವರು ಮಾತಾಡುವುದಿಲ್ಲ. ನಾನು ಮಹಾ ಸಿಡುಕಿ ಎಂದು ಹೆಸರಾಗಿದೆ. ಹಿಂದೆ ಯಾರದ್ದಾದರೂ ಹೆಜ್ಜೆ ತಡವಾದರೆ ನಾನು ಅಲ್ಲೇ ನಿಲ್ಲುತ್ತೇನೆ. ತಿರುಗಿ ಕೇಳುತ್ತೇನೆ, ಏನು ನೋಡಿದೆ, ಹೇಳು ಎಂದು. ಹೆದರಿ ಏನೂ ಇಲ್ಲ ಅನ್ನುತ್ತಾರೆ. ಬಿಡದೆ ಇನ್ನೊಮ್ಮೆ ಕೇಳುತ್ತೇನೆ. ಹೆಚ್ಚಿನ ಸಲ ಮಂಡಿ ನೋವೇ ಇರುತ್ತದೆ.